ರೇಸ್‌ಗೆ ಮೂರು ವಾರ: ಕಿಲೋಮೀಟರ್ ಇಳಿಸಿ, ವೇಗ ಉಳಿಸಿ

ಎಲ್ಲರಿಗೂ ನಮಸ್ಕಾರ. ಹಾಫ್ ಮ್ಯಾರಥಾನ್‌ಗೆ (ಸುಮಾರು 21 ಕಿ.ಮೀ. ಓಟ) ಇನ್ನು ಮೂರೇ ವಾರ. ಈ ವಾರದ ಲೆಕ್ಕ ನೋಡಿದೆ. ಕೆಲವರು 60 ಕಿ.ಮೀ. ಓಡಿ, ಅದರ ಮೇಲೆ ಮೂರು ದಿನ ವೇಗದ ಓಟ ಕೂಡ ಮಾಡಿದ್ದೀರಿ. ದಯವಿಟ್ಟು ಬೇಡ. ಎರಡನ್ನೂ ಒಟ್ಟಿಗೆ ಏರಿಸಿದರೆ ಮೀನಖಂಡ, ಹಿಮ್ಮಡಿ ತಡೆಯುವುದಿಲ್ಲ.

60 ಓಡುವವರು ಮುಂದಿನ ವಾರ 48ಕ್ಕೆ ಇಳಿಸಿ. ಅದರಾಚೆ ವಾರ 36. ರೇಸ್ ವಾರ, ರೇಸ್ ಬಿಟ್ಟು, 20 ಸಾಕು. ಕಡಿಮೆ ಓಡುವವರೂ ಇದೇ ಲೆಕ್ಕದಲ್ಲಿ ಇಳಿಸಿ.

ಆದರೆ ವೇಗದ ಓಟ ಪೂರ್ತಿ ಬಿಡಬೇಡಿ, ಕಾಲು ಮಂಕಾಗುತ್ತದೆ. ಮಂಗಳವಾರ ಬೆಳಿಗ್ಗೆ 5:30ಕ್ಕೆ ಜಿಲ್ಲಾ ಕ್ರೀಡಾಂಗಣಕ್ಕೆ ಬನ್ನಿ. 400 ಮೀಟರ್ ಸುತ್ತು ಹತ್ತರ ಬದಲು ಆರು. ವೇಗ ಅದೇ, ಸುತ್ತು ಮಾತ್ರ ಕಡಿಮೆ. ಮುಗಿದಾಗ ಇನ್ನೂ ಎರಡು ಓಡಬಹುದಿತ್ತು ಅನ್ನಿಸಬೇಕು. ಮಂಡಿ ಮೇಲೆ ಕೈಯಿಟ್ಟು ಬಗ್ಗಿ ನಿಂತರೆ ಜಾಸ್ತಿ ಆಯ್ತು ಅಂತಲೇ ಅರ್ಥ.

ಉಳಿದ ದಿನ ಕುಂದವಾಡ ಕೆರೆ ಹತ್ತಿರ, ಮಾತಾಡುತ್ತಾ ಓಡುವಷ್ಟು ನಿಧಾನ. ಯಾರಾದರೂ ದಾಟಿ ಹೋದರೆ ಹೋಗಲಿ, ಬೆನ್ನು ಹತ್ತಬೇಡಿ.

ಹೋದ ವರ್ಷ ರೇಸ್‌ಗೆ ಐದು ದಿನ ಇದ್ದಾಗ ನಾನು ಸುಮ್ನೆ 18 ಕಿ.ಮೀ. ಜೋರಾಗಿ ಓಡಿದೆ. ರೇಸ್ ದಿನ 14ನೇ ಕಿ.ಮೀ.ಗೆ ಮೀನಖಂಡ ಹಿಡಿದುಕೊಂಡಿತು. ಉಳಿದ 7 ಕಿ.ಮೀ. ನಡೆದೇ ಮುಗಿಸಿದೆ. ನಿಮಗೆ ಹಾಗಾಗಬಾರದು.

ಓಟ ಇಳಿಸಿದಾಗ ಮೈ ಭಾರ ಅನ್ನಿಸಬಹುದು, ಗಾಬರಿ ಬೇಡ. ಆದರೆ ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚಿದರೆ ಮಂಗಳವಾರ ಓಡಬೇಡಿ, ನನಗೆ ಫೋನ್ ಮಾಡಿ.