ಐಡಿ ಕೇಳಿದರೆ ತಪ್ಪೇನು ಅಂದೆಯಲ್ಲ ಮಂಜು

ಪ್ರಿಯ ಮಂಜು,

'ನಮ್ಮೂರಲ್ಲೂ ಐಡಿ ತೋರಿಸಿಯೇ ವೋಟು ಹಾಕ್ತೀವಿ, ಇಲ್ಲಿ ಅಮೆರಿಕದಲ್ಲಿ ಕೇಳಿದರೆ ಯಾಕಿಷ್ಟು ಗಲಾಟೆ' ಅಂತ ಬರೆದಿದ್ದೆ. ಒಳ್ಳೆಯ ಪ್ರಶ್ನೆಯೇ. ಆದರೆ ನಮ್ಮ ಭಾರತದಲ್ಲಿ ಚುನಾವಣಾ ಆಯೋಗವೇ ಗುರುತಿನ ಚೀಟಿ ಮಾಡಿಕೊಡುತ್ತದೆ, ಅದಿಲ್ಲ ಅಂದರೆ ಆಧಾರ್, ಫೋಟೋ ಇರುವ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡ್ ಕೂಡ ನಡೆಯುತ್ತದೆ. ನಿಮ್ಮಲ್ಲಿ ಯಾವ ಚೀಟಿ ನಡೆಯಬೇಕು ಅಂತ ತೀರ್ಮಾನ ಮಾಡುವವರು ರಾಜ್ಯದ ಶಾಸಕರು. ಅಂದರೆ, ನಾಳೆ ಅದೇ ವೋಟು ಕೇಳಿಕೊಂಡು ಬರುವವರು.

ನಿನ್ನ ಟೆಕ್ಸಾಸ್‌ನ 2011ರ ಕಾನೂನನ್ನೇ ನೋಡು. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ತೋರಿಸಿದರೆ ವೋಟು ಹಾಕಬಹುದು, ಕಾಲೇಜಿನ ಐಡಿ ತೋರಿಸಿದರೆ ಆಗುವುದಿಲ್ಲ! ಇದು ಸುಮ್ನೆ ಕೈತಪ್ಪಿ ಬರೆದ ಪಟ್ಟಿ ಅಂತ ನನಗಂತೂ ಅನ್ನಿಸುವುದಿಲ್ಲ.

ಈ ಕಾನೂನಿಗೆ ಮೊದಲು ತಡೆ ಬಿದ್ದದ್ದು 1965ರ ಮತದಾನ ಹಕ್ಕು ಕಾಯ್ದೆಯಿಂದ. ಆ ವರ್ಷ ಮಾರ್ಚ್ 7ರಂದು ಅಲಬಾಮದ ಸೆಲ್ಮಾ ಊರಿನ ಸೇತುವೆ ಮೇಲೆ ಪೊಲೀಸರು ಕರಿಯರ ಮತದಾನದ ಹಕ್ಕಿಗಾಗಿ ಹೊರಟ ಮೆರವಣಿಗೆಯವರಿಗೆ ಹೊಡೆದರು, ಮುಂದಾಳು ಜಾನ್ ಲೂಯಿಸ್ ಅವರ ತಲೆಬುರುಡೆ ಬಿರುಕು ಬಿಟ್ಟಿತು, ಆಗಸ್ಟ್‌ನಲ್ಲಿ ಅಧ್ಯಕ್ಷ ಜಾನ್ಸನ್ ಕಾಯ್ದೆಗೆ ಸಹಿ ಹಾಕಿದರು. (ಅದೇ ಜಾನ್ಸನ್ ಎರಡು ತಿಂಗಳ ನಂತರ ವಲಸೆ ಕಾನೂನಿಗೂ ಸಹಿ ಹಾಕಿದರು. ನಮ್ಮ ಕಡೆಯವರು ಅಷ್ಟೊಂದು ಜನ ಅಲ್ಲಿ ನೆಲೆಸೋಕೆ ಆಗಿದ್ದು ಅದರಿಂದಲೇ, ನೀನೂ ಸೇರಿ.) ಕಾಯ್ದೆಯ ಜೀವ ಇದ್ದದ್ದು 5ನೇ ಸೆಕ್ಷನ್‌ನಲ್ಲಿ. ಕರಿಯರನ್ನು ಮತದಾನದಿಂದ ದೂರ ಇಟ್ಟ ಇತಿಹಾಸವಿರುವ ರಾಜ್ಯಗಳು ಚುನಾವಣೆ ನಿಯಮ ಏನೇ ಬದಲಿಸಿದರೂ ಮೊದಲು ವಾಷಿಂಗ್ಟನ್ನಿನ ಒಪ್ಪಿಗೆ ಪಡೆಯಬೇಕು, ಬದಲಾವಣೆಯಿಂದ ಯಾರಿಗೂ ಅನ್ಯಾಯವಾಗುವುದಿಲ್ಲ ಅಂತ ತಾವೇ ತೋರಿಸಬೇಕು. ಮನೆ ಕಟ್ಟುವ ಮುಂಚೆ ಪ್ಲಾನ್ ಮಂಜೂರು ಮಾಡಿಸುವುದಕ್ಕೂ, ಕಟ್ಟಿದ ಮೇಲೆ ಪಕ್ಕದ ಮನೆಯವರು ಕೋರ್ಟಿಗೆ ಅಲೆಯುವುದಕ್ಕೂ ಎಷ್ಟು ವ್ಯತ್ಯಾಸ ಇದೆ, ಬೆಂಗಳೂರಿನಲ್ಲಿದ್ದ ನಿನಗೆ ಹೇಳಬೇಕಾ?

ಹೀಗೆ ಮೊದಲೇ ಒಪ್ಪಿಗೆ ಪಡೆಯಬೇಕಾದ ರಾಜ್ಯಗಳ ಪಟ್ಟಿಯಲ್ಲಿ ಟೆಕ್ಸಾಸ್ 1975ರಿಂದ ಇತ್ತು. ಹಾಗಾಗಿ 2012ರಲ್ಲಿ ಫೆಡರಲ್ ಕೋರ್ಟ್ ಐಡಿ ಕಾನೂನನ್ನು ತಡೆಯಿತು. 2013ರ ಜೂನ್ 25ರಂದು ಸುಪ್ರೀಂ ಕೋರ್ಟ್ ಶೆಲ್ಬಿ ಕೌಂಟಿ ಕೇಸಿನಲ್ಲಿ 5-4ರಿಂದ, ಯಾವ ರಾಜ್ಯ ಪಟ್ಟಿಯಲ್ಲಿರಬೇಕು ಅನ್ನುವ ಲೆಕ್ಕಾಚಾರ ಹಳೆಯದಾಯಿತು ಅಂತ ಅದನ್ನೇ ತೆಗೆದುಹಾಕಿತು. ಸೆಕ್ಷನ್ ಉಳಿಯಿತು, ಪಟ್ಟಿ ಹೋಯಿತು. ಅದೇ ದಿನ ಟೆಕ್ಸಾಸ್ ತನ್ನ ಕಾನೂನು ಜಾರಿ ಅಂತ ಘೋಷಿಸಿತು. ಜನ ಮತ್ತೆ ಕೋರ್ಟಿಗೆ ಹೋದರು. ಈ ಕಾನೂನಿನಿಂದ ಕರಿಯರಿಗೆ, ಲ್ಯಾಟಿನೋಗಳಿಗೆ ಅನ್ಯಾಯವಾಗಿದೆ ಅಂತ ಮೇಲ್ಮನವಿ ಕೋರ್ಟಿನ ಪೂರ್ಣ ಪೀಠ ಹೇಳುವಷ್ಟರಲ್ಲಿ 2016 ಬಂದಿತ್ತು. ನಡುವೆ 2014ರ ಚುನಾವಣೆ ಇದೇ ನಿಯಮದಲ್ಲಿ ಮುಗಿದುಹೋಗಿತ್ತು. ಆಮೇಲೆ ಗೆದ್ದು ಏನು ಬಂತು?

ಅದಕ್ಕೇ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಜಾನ್ ಲೂಯಿಸ್ ಹೆಸರಿನ ಮಸೂದೆ. ಹೊಸ ಲೆಕ್ಕಾಚಾರ ಕೊಡುತ್ತದೆ: ಹಿಂದಿನ 25 ವರ್ಷದಲ್ಲಿ 15 ಸಲ ಮತದಾನದ ಹಕ್ಕು ಉಲ್ಲಂಘನೆಯಾದ ರಾಜ್ಯ, ಅಥವಾ ರಾಜ್ಯ ಸರ್ಕಾರವೇ ಒಮ್ಮೆಯಾದರೂ ತಪ್ಪು ಮಾಡಿದ್ದರೆ 10 ಸಲ, ಮತ್ತೆ ಒಪ್ಪಿಗೆ ಕೇಳಬೇಕು. ಅಜ್ಜನ ಕಾಲದ ಪಾಪ ಅಲ್ಲ, ಇತ್ತೀಚಿನದು. ಕೋರ್ಟ್ ಕೇಳಿದ್ದೂ ಅದನ್ನೇ ಅಲ್ವಾ? 2021ರಲ್ಲಿ ಕೆಳಮನೆಯಲ್ಲಿ 219-212ರಿಂದ ಪಾಸಾಯಿತು. 2022ರ ಜನವರಿಯಲ್ಲಿ ಇನ್ನೊಂದು ದೊಡ್ಡ ಮಸೂದೆಯ ಜೊತೆ ಸೇರಿ ಮೇಲ್ಮನೆ ಸೆನೆಟ್‌ಗೆ ಬಂದಾಗ, ಚರ್ಚೆ ಮುಗಿಸಿ ಮತಕ್ಕೆ ಹಾಕೋಕೆ ಬೇಕಾದ 60 ಮತ ಸಿಗಲಿಲ್ಲ, 60ರ ನಿಯಮ ಸಡಿಲಿಸೋಣ ಅಂದರೆ ಡೆಮಾಕ್ರಾಟರಲ್ಲೇ ಜೋ ಮ್ಯಾಂಚಿನ್, ಕಿರ್ಸ್ಟನ್ ಸಿನೆಮಾ ಅನ್ನುವ ಇಬ್ಬರು ಸೆನೆಟರ್‌ಗಳು ಒಪ್ಪಲಿಲ್ಲ. 2006ರಲ್ಲಿ ಇದೇ ಸೆನೆಟ್ ಹಳೆಯ ಕಾಯ್ದೆಯನ್ನು 98-0ರಿಂದ ಮುಂದುವರಿಸಿತ್ತು, ಸಹಿ ಹಾಕಿದವರು ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಬುಷ್. ನಂಬೋಕೇ ಆಗಲ್ಲ.

2022ರ ಕೊನೆಯಲ್ಲಿ ಒಂದು ಸುಧಾರಣೆ ಆಯಿತು, ನಿಜ. ಅಧ್ಯಕ್ಷರನ್ನು ಆರಿಸೋಕೆ ರಾಜ್ಯಗಳಿಂದ ಬರುವ ಪ್ರತಿನಿಧಿಗಳ, ಅಂದರೆ ಎಲೆಕ್ಟರ್‌ಗಳ ಮತವನ್ನು ಉಪಾಧ್ಯಕ್ಷರು ತಾವಾಗಿ ತಳ್ಳಿಹಾಕುವಂತಿಲ್ಲ, ಆಕ್ಷೇಪ ಎತ್ತೋಕೆ ಎರಡೂ ಮನೆಗಳ ಐದನೇ ಒಂದು ಭಾಗ ಸದಸ್ಯರು ಬೇಕು. ಬೇಕಾಗಿತ್ತು ಬಿಡು. ಆದರೆ ಅದೆಲ್ಲ ವೋಟು ಹಾಕಿದ ಮೇಲಿನ ಮಾತು.

ಆ ದೊಡ್ಡ ಮಸೂದೆಯಲ್ಲಿ, ಪಕ್ಷದ ಲಾಭಕ್ಕೆ ಕಾಂಗ್ರೆಸ್ ಕ್ಷೇತ್ರಗಳ ಗಡಿ ಎಳೆಯಬಾರದು ಅಂತಲೂ ಇತ್ತು. ಅದು ಬಿದ್ದಿದ್ದರ ಫಲ 2025ರಲ್ಲಿ ನಿನ್ನ ಕಣ್ಣಮುಂದೆಯೇ ಆಯಿತು. ಜನಗಣತಿಗೂ ಕಾಯದೆ ಟೆಕ್ಸಾಸ್ ರಿಪಬ್ಲಿಕನ್ನರಿಗೆ ಅನುಕೂಲವಾಗುವಂತೆ ನಕ್ಷೆ ಬದಲಿಸಿತು, ಸೇಡಿಗೆ ಕ್ಯಾಲಿಫೋರ್ನಿಯ ಡೆಮಾಕ್ರಾಟರಿಗೆ ಅನುಕೂಲವಾಗುವಂತೆ ತನ್ನದನ್ನು ಬದಲಿಸಿತು. ಇಬ್ಬರ ಬಗ್ಗೆಯೂ ನನಗೆ ಬೇಜಾರೇ.

ಹೊಸ ನಕ್ಷೆಯಲ್ಲಿ ನಿಮ್ಮ ಬೀದಿ ಯಾವ ಕ್ಷೇತ್ರಕ್ಕೆ ಬಿತ್ತು, ನೋಡಿ ಬರಿ. ಅತ್ತಿಗೆಯ ಹೆಸರೂ ಮತದಾರರ ಪಟ್ಟಿಗೆ ಸೇರಿಸಬೇಕು ಅಂದಿದ್ದೆ, ನಿಮ್ಮಲ್ಲಿ ಚುನಾವಣೆಗೆ 30 ದಿನ ಮುಂಚೆಯೇ ಮುಗಿಸಬೇಕು, ತಡ ಮಾಡಬೇಡ.

ನಿನ್ನ,
ಶ್ರೀಧರ