ಪೈ ಮತ್ತು ಚಿಪ್ಪಿನ ನಡುವೆ ಮಾತು ಕೂಡಿಸಿದ ಅಣ್ಣಾರಿಗೆ

ತಿಕೋಟಾ ಕಡೆಯ ದ್ರಾಕ್ಷಿ ತೋಟದ ಡ್ರಿಪ್ ವಾಲ್ವ್ ನಡೆಸುವ ಬೋರ್ಡನ್ನು ಸರಿಮಾಡಿಕೊಟ್ಟು, ಹೆಸರೂ ಹೇಳದೆ ಹೋದ ಅಣ್ಣಾರಿಗೆ ಶರಣು ಶರಣಾರ್ಥಿ.

ನೀವು ಮೊದಲು ಹಿಡಿದ ತಪ್ಪು ಪೈಯನ್ನೇ, ಅಂದರೆ ನಮ್ಮ ಪುಟ್ಟ ಕಂಪ್ಯೂಟರನ್ನೇ, ಸುಡುವಂಥದ್ದು. ವಾಲ್ವ್ ನಡೆಸುವ ಎಟಿಮೆಗಾ328ಪಿ ಚಿಪ್ಪು ನಡೆಯುತ್ತಿದ್ದುದು 5 ವೋಲ್ಟಿನಲ್ಲಿ. ರಾಸ್ಪ್‌ಬೆರಿ ಪೈ ಪಿನ್ನು ತಡೆಯುವುದು 3.3 ವೋಲ್ಟ್ ಮಾತ್ರ. ಚಿಪ್ಪಿನ ಟಿಎಕ್ಸ್ (ಸಂದೇಶ ಕಳಿಸುವ) ತಂತಿಗೆ 1 ಕಿಲೋಓಮ್ ರೆಸಿಸ್ಟರ್, ಅಲ್ಲಿಂದ ಗ್ರೌಂಡಿಗೆ 2 ಕಿಲೋಓಮ್ ಹಾಕಿ, ಎರಡರ ನಡುವಿನಿಂದ, ವೋಲ್ಟ್ ಸುಮಾರು 3.3ಕ್ಕೆ ಇಳಿಸಿ, ಪೈನ 10ನೇ ಪಿನ್ನಿಗೆ ಕೊಟ್ಟಿರಿ. ಪೈನ 8ನೇ ಪಿನ್ನು ನೇರ ಚಿಪ್ಪಿನ ಆರ್‌ಎಕ್ಸ್‌ಗೆ (ಸಂದೇಶ ಪಡೆಯುವ ಪಿನ್ನಿಗೆ). 6ನೇ ಪಿನ್ನಿನ ಗ್ರೌಂಡ್ ಎರಡೂ ಬೋರ್ಡಿಗೆ ಸಾಮಾನ್ಯ.

ಆಮೇಲೆ ಪೈನ ಸೆಟ್ಟಿಂಗ್ ಬದಲಿಸುವ ರಾಸ್ಪಿ-ಕಾನ್ಫಿಗ್‌ನಲ್ಲಿ, ಇದೇ ತಂತಿಯ ಮೇಲೆ ಲಾಗಿನ್ ಕೇಳುವ ಸೀರಿಯಲ್ ಕನ್ಸೋಲ್ ಬಂದ್ ಮಾಡಿ, ಪೋರ್ಟ್ ಮಾತ್ರ ಚಾಲೂ ಇಟ್ಟಿರಿ. ಕನ್ಸೋಲ್ ಇದ್ದರೆ ಪೈಥಾನ್ ಸ್ಕ್ರಿಪ್ಟಿಗೆ ಬರಬೇಕಾದ ಬೈಟುಗಳನ್ನು ಅದೇ ನುಂಗುತ್ತದೆ.

ಅಸಲಿ ಸಿಕ್ಕು ಬಾಡ್ ರೇಟಿನದು, ಅಂದರೆ ಸೆಕೆಂಡಿಗೆ ಎಷ್ಟು ಬಿಟ್ ಕಳಿಸಬೇಕೆಂಬ ವೇಗದ್ದು. ನಿಖರ ಮಿಡಿತ ಕೊಡುವ ಕ್ರಿಸ್ಟಲ್ ಇಲ್ಲದೆ ಚಿಪ್ಪಿನ ಒಳಗಿನ 8 ಮೆಗಾಹರ್ಟ್ಸ್ ಗಡಿಯಾರದಲ್ಲಿ 115200 ಕೇಳಿದರೆ ಲೆಕ್ಕದಲ್ಲೇ ಶೇ 3.5 ತಪ್ಪು. ಮೇಲೆ ನಮ್ಮ ವಿಜಯಪುರದ ಬಿಸಿಲಿಗೆ ಆ ಗಡಿಯಾರವೂ ಅಲ್ಲಾಡುತ್ತದೆ, ಅಕ್ಷರ ಕಲಸುತ್ತವೆ. 38400ಕ್ಕೆ ಇಳಿಸಿದರೆ ತಪ್ಪು ಶೇ 0.2 ಅಷ್ಟೇ. ಆದರೂ ಹೊರಗಿನ ಕ್ರಿಸ್ಟಲ್ ಕೂರಿಸಿರೆಂದು ನೀವು ಹಟ ಹಿಡಿದದ್ದೇ ಸರಿ.

ಸ್ಕ್ರಿಪ್ಟಿನಲ್ಲಿ 1 ಸೆಕೆಂಡ್ ಟೈಮ್‌ಔಟ್, ಪ್ರತಿ ಸಂದೇಶಕ್ಕೆ ಆರಂಭದ ಬೈಟ್, ಉದ್ದ, ಕೊನೆಗೆ ಸಿಆರ್‌ಸಿ (ಸಂದೇಶ ಕೆಟ್ಟಿದೆಯೇ ಎಂದು ಹಿಡಿಯುವ ತಾಳೆ ಸಂಖ್ಯೆ). ಮೋಟಾರ್ ಚಾಲೂ ಆಗುವಾಗಿನ ಗದ್ದಲದಲ್ಲಿ ಬೈಟ್ ಕೆಟ್ಟರೆ ವಾಲ್ವ್ ತೆರೆಯುವುದಿಲ್ಲ. ಸ್ಕ್ರಿಪ್ಟ್ ಮೂರು ಸಲ ಮತ್ತೆ ಕೇಳುತ್ತದೆ. ನೀವು ಬರೆದುಕೊಟ್ಟ ಪಿನ್ನಿನ ನಕ್ಷೆ ಪಂಪ್ ಶೆಡ್ಡಿನ ಗೋಡೆಯ ಮೇಲಿದೆ, ಅಣ್ಣಾರೆ.