‘ಸುಲ್ತಾನಾ’ ದುರಂತಕ್ಕೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಹಡಗು ದುರಂತವೆಂದರೆ ಟೈಟಾನಿಕ್ ಒಂದೇ ಎಂಬಂತೆ ಪ್ರತಿ ಏಪ್ರಿಲ್‌ನಲ್ಲಿ ಪತ್ರಿಕೆಗಳು ಬರೆಯುತ್ತಿರುವುದು ಸರಿಯಲ್ಲ. ಅದರ ಶ್ರೀಮಂತ ಪ್ರಯಾಣಿಕರ ಕೊನೆಯ ಊಟದ ಪಟ್ಟಿ ಕೂಡ ಓದುಗರಿಗೆ ಬಾಯಿಪಾಠವಾಗಿದೆ. ಆದರೆ 1865ರ ಏಪ್ರಿಲ್ 27ರ ನಸುಕಿನಲ್ಲಿ ಅಮೆರಿಕದ ಮಿಸಿಸಿಪ್ಪಿ ನದಿಯಲ್ಲಿ, ಮೆಂಫಿಸ್ ಬಳಿ, ಬಾಯ್ಲರ್ ಸ್ಫೋಟಗೊಂಡು ಉರಿದುಹೋದ ‘ಸುಲ್ತಾನಾ’ ಎಂಬ ಉಗಿಹಡಗಿನ ಹೆಸರು ಎಷ್ಟು ಮಂದಿಗೆ ಗೊತ್ತು?

376 ಜನರಿಗೆ ಮಾತ್ರ ಅನುಮತಿಯಿದ್ದ ಆ ಹಡಗಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ತುಂಬಲಾಗಿತ್ತು. ಅವರಲ್ಲಿ ಬಹುಪಾಲು ಮಂದಿ ಅಂತರ್ಯುದ್ಧದ ಸೆರೆಯಿಂದ ಬಿಡುಗಡೆಯಾಗಿ ಊರಿಗೆ ಹೊರಟಿದ್ದ, ಹಸಿವು ಕಾಯಿಲೆಗಳಿಂದ ಬಡಕಲಾಗಿದ್ದ ಸೈನಿಕರು. ಒಬ್ಬೊಬ್ಬರಿಗೆ ಇಷ್ಟೆಂದು ಸರ್ಕಾರ ಹಡಗಿನವರಿಗೆ ಹಣ ಕೊಡುತ್ತಿತ್ತು. ಆ ಸೈನಿಕರು ಹಡಗು ಹತ್ತಬೇಕಿದ್ದ ವಿಕ್ಸ್‌ಬರ್ಗ್ ಊರಿನಲ್ಲಿ, ಸೋರುತ್ತಿದ್ದ ಬಾಯ್ಲರನ್ನು ಪೂರ್ತಿ ದುರಸ್ತಿ ಮಾಡಲು ಕೆಲವು ದಿನಗಳೇ ಬೇಕಿದ್ದವು. ಅಷ್ಟರಲ್ಲಿ ಸೈನಿಕರು ಬೇರೆ ಹಡಗು ಹತ್ತಿಬಿಟ್ಟರೆ? ತೇಪೆ ಹಾಕಿ ಹೊರಟೇಬಿಟ್ಟರು. ಸತ್ತವರು ಸಾವಿರಕ್ಕೂ ಹೆಚ್ಚು. ತಪ್ಪಿತಸ್ಥನೆಂದು ತೀರ್ಪಾದ ಏಕೈಕ ಸೇನಾಧಿಕಾರಿಯ ಮೇಲಿನ ತೀರ್ಪೂ ಆಮೇಲೆ ರದ್ದಾಯಿತು! ಲಿಂಕನ್ ಹತ್ಯೆಯ ಸುದ್ದಿಯಲ್ಲಿ ಮುಳುಗಿದ್ದ ಅಂದಿನ ಪತ್ರಿಕೆಗಳು ಇದಕ್ಕೆ ತಕ್ಕಷ್ಟು ಜಾಗ ಕೊಡಲಿಲ್ಲ. ಆ ನೆಪ ಈಗಿನ ಪತ್ರಿಕೆಗಳಿಗಿಲ್ಲ.

ಟೈಟಾನಿಕ್ ಮುಳುಗಿದ್ದು ಹಿಮಗಡ್ಡೆಗೆ ಬಡಿದು. ಸುಲ್ತಾನಾದ ಜನರನ್ನು ಕೊಂದದ್ದು ದುರಾಸೆ. ಮುಂದಿನ ಏಪ್ರಿಲ್ 27ರಂದು ತಮ್ಮ ಪತ್ರಿಕೆ ಇದರ ಬಗ್ಗೆ ಅರ್ಧ ಪುಟದ ಲೇಖನವನ್ನಾದರೂ ಪ್ರಕಟಿಸಲಿ. ಬಾಯ್ಲರ್ ತಪಾಸಣೆ ಮತ್ತು ಪ್ರಯಾಣಿಕರ ಮಿತಿಯ ವಿವರಗಳನ್ನು ಅದರಲ್ಲಿ ಬಿಡದೆ ಸೇರಿಸಬೇಕು.

– ಓದುಗ, ಶಿವಮೊಗ್ಗ